ಆಸ್ಪತ್ರೆಗೆ ಫೈರ್ ಗ್ಲಾಸ್ ಹಾಕಿದ ನನ್ನ ಅನುಭವ

ದಾವಣಗೆರೆಯಲ್ಲಿ ಅಲ್ಯೂಮಿನಿಯಂ, ಗಾಜಿನ ಕೆಲಸ ಮಾಡುವ ನಮ್ಮ ಹತ್ತಿರ ಬರುವ ಪಾರ್ಟಿಗಳು ಮೊದಲು ಕೇಳುವುದು ಒಂದೇ ಮಾತು: ಸ್ಕ್ವೇರ್ ಫೀಟಿಗೆ ಎಷ್ಟು? ಹದಿನೆಂಟು ವರ್ಷದಿಂದ ಅದಕ್ಕೆ ಉತ್ತರ ಹೇಳುತ್ತಲೇ ಬಂದಿದ್ದೇನೆ. ನಮ್ಮೂರಿನ ಒಂದು ಆಸ್ಪತ್ರೆಯ ಕೆಲಸ ಹಿಡಿದಾಗ ಮಾತ್ರ ಹಾಗೆ ಥಟ್ಟನೆ ರೇಟು ಹೇಳಲು ಆಗಲಿಲ್ಲ.

ಡ್ರಾಯಿಂಗಿನಲ್ಲಿ ಕಾರಿಡಾರಿನ ಪಕ್ಕ ಗಾಜಿನ ಗೋಡೆ ಇತ್ತು. ಮೆಟ್ಟಿಲ ಬಳಿಯೂ ಗಾಜಿನ ಗೋಡೆ. "ಹನ್ನೆರಡು ಎಂಎಂ ಟಫನ್ಡ್ ಹಾಕಿಬಿಡಿ, ಗಟ್ಟಿ ಇರುತ್ತೆ" ಅಂದರು ಮಾಲೀಕರು. ಟಫನ್ಡ್ ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಗಟ್ಟಿ ಇರುವುದೇನೋ ನಿಜ. ಆದರೆ ಕೈತಪ್ಪಿ ಸ್ಟ್ರೆಚರ್ ಬಡಿದರೆ ತಡೆಯುವ ಗಾಜೇ ಬೇರೆ, ಬೆಂಕಿ ತಡೆಯುವ ಗಾಜೇ ಬೇರೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅದಕ್ಕೆ ಒಂದು ಭಾನುವಾರ ಅವರನ್ನು ನಮ್ಮ ಶೆಡ್ಡಿಗೆ ಕರೆದೆ.

ಮೂರು ತುಂಡು ಗಾಜನ್ನು ಕಬ್ಬಿಣದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದೆ. ಎಲ್ಲರನ್ನೂ ದೂರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಗ್ಯಾಸ್ ಟಾರ್ಚ್ ಹಿಡಿದೆ. ಟಫನ್ಡ್ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಂದೇ ಸಲ ಸಿಡಿದು ಸಕ್ಕರೆ ಹರಳಿನ ಹಾಗೆ ನೆಲಕ್ಕೆ ಸುರಿಯಿತು. ಅಲ್ಲಿ ಉಳಿದದ್ದು ಬರೀ ತೂತು. ಎರಡನೆಯದು ತಂತಿ ಗಾಜು. ಅದು ಸೀಳಿತು, ಆದರೆ ತಂತಿ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ. ಹಿಂದೆ ಕೈ ಹತ್ತಿರ ತಂದರೆ ಮಾತ್ರ ಬಿಸಿ ರಪ್ಪನೆ ಹೊಡೆಯುತ್ತಿತ್ತು. ಮೂರನೆಯದು ಕಂಪನಿಯವರು ಕೊಟ್ಟಿದ್ದ ಇಐ 60 ಸ್ಯಾಂಪಲ್, ಅಂದರೆ ಬೆಂಕಿಯನ್ನೂ ಬಿಸಿಯನ್ನೂ 60 ನಿಮಿಷ ತಡೆಯುವ ಗಾಜು. ಮುಂದಿನ ಪದರ ಚಟ್ಟನೆ ಬಿರಿಯಿತು. ಒಳಗಿನ ಪಾರದರ್ಶಕ ಪದರ ಕಾಯಿಸಿದ ಹಾಲಿನ ಹಾಗೆ ಉಬ್ಬಿ, ನೊರೆಗಟ್ಟಿ, ಬೆಳ್ಳಗಾಯಿತು. ಆಚೆ ಬದಿ ಏನೂ ಕಾಣಿಸದಂತಾಯಿತು. ಮಾಲೀಕರು ತಾವೇ ಬಂದು ಹಿಂಬದಿಗೆ ಅಂಗೈ ಇಟ್ಟರು. ಬೆಚ್ಚಗಿತ್ತು ಅಷ್ಟೆ.

ಟಾರ್ಚಿನ ಉರಿ ನಿಜವಾದ ಪರೀಕ್ಷೆ ಅಲ್ಲ. ಲ್ಯಾಬಿನಲ್ಲಿ ಇಡೀ ಕಿಟಕಿಯನ್ನು ಫ್ರೇಮ್ ಸಮೇತ ಕುಲುಮೆಗೆ ಕೂರಿಸುತ್ತಾರೆ. ಅರ್ಧ ಗಂಟೆಗೆ ಸುಮಾರು 840 ಡಿಗ್ರಿ, ಒಂದು ಗಂಟೆಗೆ 945 ಡಿಗ್ರಿವರೆಗೆ ಏರಿಸುತ್ತಾರೆ. ಬೆಂಕಿ, ಬಿಸಿ ಅನಿಲ ಆಚೆ ದಾಟದಿದ್ದರೆ ಅದು ಇ. ದಾಟುವ ವಿಕಿರಣದ ಬಿಸಿಗೂ ಮಿತಿ ಇದ್ದರೆ ಇಡಬ್ಲ್ಯೂ. ಇಐ ಅನ್ನಿಸಿಕೊಳ್ಳಬೇಕಾದರೆ ಹಿಂಬದಿ ಮೈಯ ಬಿಸಿ ಮೊದಲಿದ್ದದ್ದಕ್ಕಿಂತ ಸರಾಸರಿ 140 ಡಿಗ್ರಿ, ಯಾವುದೇ ಒಂದು ಜಾಗದಲ್ಲಿ 180 ಡಿಗ್ರಿಗಿಂತ ಜಾಸ್ತಿ ಏರಬಾರದು. ಅಕ್ಷರದ ಮುಂದಿನ ಸಂಖ್ಯೆ ಎಷ್ಟು ನಿಮಿಷ ತಡೆಯುತ್ತದೆ ಅನ್ನುವುದು.

ರೇಟಿನಲ್ಲಿ ಇ ಮತ್ತು ಇಐ ನಡುವೆ ಭಾರಿ ವ್ಯತ್ಯಾಸ ಇದೆ. ಹಾಗಾಗಿ ಎಲ್ಲರೂ ಇ ಕಡೆಗೇ ವಾಲುತ್ತಾರೆ. ನಾನು ಕೇಳುವುದು ಒಂದೇ: ಬೆಂಕಿ ಬಿದ್ದಾಗ ಈ ಗಾಜಿನ ಪಕ್ಕದಲ್ಲೇ ಜನ ನಡೆದು ಹೋಗಬೇಕಾ? ಹೋಗಬೇಕು ಅಂದರೆ ಇ ಸಾಲದು. ಉರಿ ದಾಟದಿದ್ದರೂ ಬಿಸಿ ದಾಟುತ್ತದೆ. ಆ ಬಿಸಿಯ ಮುಂದೆ ಗಾಲಿಕುರ್ಚಿ ತಳ್ಳಿಕೊಂಡು ಯಾರು ಹೋಗುತ್ತಾರೆ? 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಹೊಗೆ ತಾಳಲಾರದೆ ಕಿಟಕಿ ಗಾಜು ಒಡೆದು ಕೆಳಗೆ ಹಾರಿದವರಿದ್ದರು. ತಪ್ಪಿಸಿಕೊಳ್ಳುವ ದಾರಿ ಅವರಿಗೆ ಸಿಗಲಿಲ್ಲ. ಅದನ್ನು ಟೀವಿಯಲ್ಲಿ ನೋಡಿದ ದಿನ ನನಗಿನ್ನೂ ನೆನಪಿದೆ.

ಕೊನೆಗೆ ಆಸ್ಪತ್ರೆಯ ಕಾರಿಡಾರಿಗೆ ಇಐ 60 ಅಂತ ಫೈರ್ ಕನ್ಸಲ್ಟೆಂಟ್ ಜೊತೆ ಕೂತು ತೀರ್ಮಾನ ಮಾಡಿದೆವು. ಮೆಟ್ಟಿಲ ಬಳಿ ಮಾತ್ರ ನಾನೇ ಗಾಜು ಬೇಡ ಅಂದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಮೆಟ್ಟಿಲ ಬಾಗಿಲಿಗೇ 120 ನಿಮಿಷ ಕೇಳುತ್ತದೆ. ಅಷ್ಟು ತಡೆಯುವ ಗಾಜಿನ ಗೋಡೆ ನಿಲ್ಲಿಸುವ ಬದಲು ಇಟ್ಟಿಗೆ ಗೋಡೆ ಕಟ್ಟಿ, ಬಾಗಿಲಲ್ಲಿ ಆಚೆ ಬರುವವರು ಕಾಣುವಷ್ಟು ಸಣ್ಣ ಕಿಂಡಿ ಇಟ್ಟರೆ ಸಾಕು. ಆ ಕಿಂಡಿಯ ಗಾಜು ಕೂಡ ಬಾಗಿಲ ಜೊತೆಗೇ ಪರೀಕ್ಷೆ ಆಗಿರಬೇಕು. ನನಗೆ ಗಾಜಿನ ವ್ಯಾಪಾರ ಕಡಿಮೆ ಆಯಿತು, ಆದರೆ ಸರಿಯಾದದ್ದು ಅದೇ.

ಫ್ರೇಮಿನ ವಿಷಯಕ್ಕೆ ದೊಡ್ಡ ವಾದವೇ ನಡೆಯಿತು. ಉಳಿದ ಕಿಟಕಿಗಳಿಗೆ ಮ್ಯಾಚ್ ಆಗಲಿ ಅಂತ ಮಾಮೂಲಿ ಅಲ್ಯೂಮಿನಿಯಂ ಸೆಕ್ಷನ್ ಕೇಳಿದರು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ. ಪರೀಕ್ಷೆಯ ಕುಲುಮೆ ಹತ್ತು ನಿಮಿಷದೊಳಗೇ ಅದನ್ನು ದಾಟುತ್ತದೆ. ಅರವತ್ತು ನಿಮಿಷದ ಗಾಜನ್ನು ಹತ್ತು ನಿಮಿಷದ ಫ್ರೇಮಿನಲ್ಲಿ ಕೂರಿಸಿದರೆ ಏನು ಬಂತು, ಅಲ್ವಾ? ಆ ಗಾಜಿನ ಜೊತೆಗೇ ಪರೀಕ್ಷೆಯಾಗಿದ್ದ ಸ್ಟೀಲ್ ಫ್ರೇಮನ್ನೇ ತರಿಸಿ, ಅದೇ ಬಣ್ಣದ ಪೌಡರ್ ಕೋಟಿಂಗ್ ಮಾಡಿಸಿದೆ.

ಈ ಗಾಜನ್ನು ಸೈಟಿನಲ್ಲಿ ಕತ್ತರಿಸುವ ಹಾಗಿಲ್ಲ. ಅಂಚಿಗೆ ಸುತ್ತಿದ ಟೇಪು ಹರಿದರೆ ತೇವ ಒಳಗೆ ಹೋಗಿ ಪದರ ಕೆಡುತ್ತದೆ. ಅದಕ್ಕೆ ಪ್ಲಾಸ್ಟರ್ ಪೂರ್ತಿ ಮುಗಿದ ಮೇಲೆ, ಗಾಜು ಕೂರುವ ಪ್ರತಿ ಜಾಗವನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದೆ. ಒಂದು ಕಡೆ 8 ಎಂಎಂ ಸೊಟ್ಟ ಇತ್ತು. ಗೋಡೆ ಸರಿಮಾಡಿಸಿದ ಮೇಲೇ ಆರ್ಡರ್ ಕೊಟ್ಟದ್ದು.

ಅಷ್ಟೆಲ್ಲಾ ಮಾಡಿಯೂ ಒಂದು ಕಡೆ ಏಟು ತಿಂದೆ. ಲಾರಿ ಬೆಂಗಳೂರಿನಿಂದ ಬಂದದ್ದು ಏಪ್ರಿಲ್‌ನಲ್ಲಿ. ನಾನು ಚಿತ್ರದುರ್ಗದಲ್ಲಿ ಬೇರೆ ಕೆಲಸದ ಮೇಲೆ ಇದ್ದೆ. ಹುಡುಗರು ಗಾಜನ್ನು ಇಳಿಸಿ ತಾರಸಿಯ ಮೇಲೆ ನೀಲಿ ಟಾರ್ಪಾಲಿನ್ ಹೊದಿಸಿ ಇಟ್ಟಿದ್ದರು. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ! ಟಾರ್ಪಾಲಿನ್ ಒಳಗೆ ಒಲೆಯಂತಾಗಿರುತ್ತದೆ. ಕಂಪನಿಯ ಹಾಳೆಯಲ್ಲಿ 50 ಡಿಗ್ರಿ ದಾಟಬಾರದು ಅಂತ ಬರೆದಿತ್ತು. ಅದನ್ನು ಹುಡುಗರಿಗೆ ನಾನು ಹೇಳಿರಲಿಲ್ಲ. ಐದನೇ ದಿನ ನೋಡಿದರೆ ಎರಡು ಗಾಜಿನ ಅಂಚಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು, ಒಳಗೆ ಮಬ್ಬು. ಎರಡನ್ನೂ ವಾಪಸ್ ತೆಗೆದು ನನ್ನ ಖರ್ಚಲ್ಲೇ ಬೇರೆ ತರಿಸಿದೆ. ಈಗ ಜೋಡಿಸುವ ದಿನಕ್ಕೇ ಗಾಜು ಬರುವಂತೆ ಹೇಳುತ್ತೇನೆ. ಬಂದರೆ ನೆಲಮಹಡಿಯ ನೆರಳಲ್ಲಿ, ನೆಲ ಮುಟ್ಟದ ಹಾಗೆ ನಿಲ್ಲಿಸುತ್ತೇವೆ.

ತೂಕಕ್ಕೂ ತಯಾರಿರಬೇಕು. ನಾವು ಹಾಕಿದ್ದು ಸುಮಾರು 23 ಎಂಎಂ ದಪ್ಪ. ನಾಲ್ಕಡಿ ಅಗಲ, ಎಂಟಡಿ ಎತ್ತರದ ಒಂದು ಗಾಜೇ ಒಂದೂವರೆ ಕ್ವಿಂಟಾಲ್ ಮುಟ್ಟುತ್ತದೆ. ಗಾಜಿನ ಕೆಳಗೆ ಮಾಮೂಲಿ ರಬ್ಬರ್ ಪ್ಯಾಕಿಂಗ್ ಇಡಬಾರದು. ಅದು ಉರಿದರೆ ಗಾಜು ಕೆಳಗೆ ಜಾರುತ್ತದೆ. ಪರೀಕ್ಷೆಯಲ್ಲಿ ಯಾವ ಪ್ಯಾಕಿಂಗ್, ಯಾವ ಪಟ್ಟಿ, ಯಾವ ಸೀಲೆಂಟ್ ಇತ್ತೋ ಅದನ್ನೇ ಹಾಕಬೇಕು. ರಿಪೋರ್ಟಿನಲ್ಲಿ ಪರೀಕ್ಷೆಯಾದ ಗಾಜಿನ ಅಳತೆಯೂ ಇರುತ್ತದೆ. ನಮ್ಮ ಗಾಜು ಅದರ ಮಿತಿಯೊಳಗಿದೆಯಾ ಅಂತ ಗಾಜು ತರಿಸುವ ಮೊದಲೇ ನೋಡಿಕೊಂಡಿದ್ದೆ. ಬಣ್ಣದ ಬ್ರೋಚರ್ ತೋರಿಸಿ ಇದೇ ಸರ್ಟಿಫಿಕೇಟ್ ಅನ್ನುವವರೂ ಇದ್ದಾರೆ. ಅವರ ಹತ್ತಿರ ಪೂರ್ತಿ ಟೆಸ್ಟ್ ರಿಪೋರ್ಟ್ ಕೇಳಿ.

ಪ್ರತಿ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇರುತ್ತದೆ: ತಯಾರಕರ ಹೆಸರು, ರೇಟಿಂಗ್. ಅದು ಎಲ್ಲರಿಗೂ ಓದಲು ಸಿಗುವ ಮೂಲೆಗೇ ಬರುವಂತೆ ಕೂರಿಸಿದೆವು. ನಾಳೆ ಒಂದು ಗಾಜು ಒಡೆದರೆ ಬದಲಿಸುವವನಿಗೆ ಬೇರೆ ಗುರುತು ಏನಿರುತ್ತದೆ? ಆರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಆ ಆಸ್ಪತ್ರೆಗೆ ಹೋಗಿದ್ದೆ. ಒಂದು ಮುದ್ರೆಯ ಮೇಲೇ "ಚಪ್ಪಲಿ ಹೊರಗೆ ಬಿಡಿ" ಅನ್ನುವ ಸ್ಟಿಕ್ಕರ್ ಅಂಟಿಸಿದ್ದರು. ಸಿಸ್ಟರನ್ನು ಕರೆದು ಮುದ್ರೆ ತೋರಿಸಿದೆ. ಅವರೇ ಸ್ಟಿಕ್ಕರನ್ನು ಮೆಲ್ಲಗೆ ಬಿಡಿಸಿ ಪಕ್ಕದ ಗೋಡೆಗೆ ಅಂಟಿಸಿದರು.