ಇಂಟರ್ನ್‌ಶಿಪ್ ಆಫರ್ ಒಂದಕ್ಕಿಂತ ಜಾಸ್ತಿ ಬಂದಿದ್ದರೆ ಯಾವುದಕ್ಕೆ ಹೂಂ ಅನ್ನಬೇಕು?

ಆಫರ್ ಬಂತು ಅಂದ ಕೂಡಲೇ ಮನೆಯಲ್ಲೂ ಹಾಸ್ಟೆಲ್‌ನಲ್ಲೂ ಕೇಳುವುದು ಒಂದೇ, ಸ್ಟೈಪೆಂಡ್ ಎಷ್ಟು? ಆಮೇಲೆ ಕಂಪನಿ ಹೆಸರು. ಎರಡೂ ಮುಖ್ಯವೇ, ಆದರೆ ಅವು ಮೊದಲ ಪ್ರಶ್ನೆಗಳಲ್ಲ. ಡಿಗ್ರಿ ಮುಗಿದ ಮೇಲೆ ಯಾವುದಕ್ಕೆ ಅರ್ಜಿ ಹಾಕುತ್ತೀರಿ? ಕೆಲಸಕ್ಕಾ, ಎಂಎಸ್ಸೋ ಪಿಎಚ್‌ಡಿಯೋ ಮಾಡುವುದಕ್ಕಾ, ಗೇಟ್ ಪರೀಕ್ಷೆ ಬರೆದು ಸರ್ಕಾರಿ ಕಂಪನಿಗಾ? ನಾಳೆ ಆ ಅರ್ಜಿ ಓದುವವರು "ಆ ಎರಡು ತಿಂಗಳು ಏನು ಮಾಡಿದೆ?" ಅಂತ ಕೇಳುತ್ತಾರಲ್ಲ, ಅದಕ್ಕೆ ಯಾವ ಆಫರ್ ಗಟ್ಟಿ ಉತ್ತರ ಕೊಡುತ್ತದೋ ಅದರ ಕಡೆ ವಾಲಿ. ಇನ್ನೂ ಏನೂ ಗೊತ್ತಿಲ್ಲವಾ? ಪರವಾಗಿಲ್ಲ. ಹಾಗಿದ್ದರೆ ಇದುವರೆಗೆ ಮಾಡಿ ನೋಡದ ಕೆಲಸ ಯಾವುದರಲ್ಲಿದೆಯೋ ಅದನ್ನು ತೆಗೆದುಕೊಳ್ಳಿ, ಇಷ್ಟವಾಗಲಿಲ್ಲ ಅಂತ ಎರಡು ತಿಂಗಳಲ್ಲೇ ಗೊತ್ತಾದರೂ ಲಾಭವೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಹುಡುಗಿ, ಕಂಪ್ಯೂಟರ್ ಸೈನ್ಸ್, ಆರನೇ ಸೆಮ್. ವೈಟ್‌ಫೀಲ್ಡ್‌ನ ದೊಡ್ಡ ಕಂಪನಿಯಿಂದ ತಿಂಗಳಿಗೆ 20,000 ರೂಪಾಯಿ, ಊರಲ್ಲೇ ಇರುವ ಸಣ್ಣ ಸಾಫ್ಟ್‌ವೇರ್ ಕಂಪನಿಯಿಂದ 8,000. ಮೇಲ್ನೋಟಕ್ಕೆ ಲೆಕ್ಕ ಸುಲಭ. ಆದರೆ ಪಿಜಿಗೆ ಊಟ ಸೇರಿ 10,000, ಓಡಾಟ, ಫೋನು, ವಾರಾಂತ್ಯದ ಖರ್ಚು ಸೇರಿ ಇನ್ನೊಂದು 5,000 ಹಾಕಿ ನೋಡಿ, ಕೈಯಲ್ಲಿ ಉಳಿಯುವುದು 5,000. ಅಡ್ವಾನ್ಸ್ ಬೇರೆ ಕಟ್ಟಬೇಕು, ಬಿಡುವಾಗ ಮೇಂಟೆನೆನ್ಸ್ ಅಂತ ಅದರಲ್ಲಿ ಒಂದಷ್ಟು ಹಿಡಿದುಕೊಳ್ಳುತ್ತಾರೆ. ಮನೆಯಲ್ಲಿದ್ದರೆ 1,000 ಖರ್ಚಾದರೂ 7,000 ಉಳಿಯುತ್ತದೆ! ಹಾಗಂತ ಊರೇ ಸರಿ ಅಂತಲ್ಲ, ದುಡ್ಡಿನ ವ್ಯತ್ಯಾಸ ನೀವು ಅಂದುಕೊಂಡಷ್ಟು ಇಲ್ಲ ಅಷ್ಟೇ. ಈಗ ಕೆಲಸವನ್ನು ನೋಡಬಹುದು.

ಕೆಲಸ ಏನು ಅಂತ ಆಫರ್ ಲೆಟರ್‌ನಲ್ಲಿ ಇರುವುದೇ ಇಲ್ಲ, ಕೇಳಬೇಕು. ನಾನು ಯಾವ ಟೀಮ್‌ಗೆ ಬರುತ್ತೇನೆ, ಮೆಂಟರ್ ಯಾರು, ಹೋದ ವರ್ಷದ ಇಂಟರ್ನ್ ಏನು ಮಾಡಿದರು. ಎಚ್‌ಆರ್ ಕೊಡುವ ಉತ್ತರ ಸಾಮಾನ್ಯವಾಗಿ ಸಪ್ಪೆ. ಅದಕ್ಕೇ ಲಿಂಕ್ಡ್‌ಇನ್‌ನಲ್ಲಿ ಆ ಕಂಪನಿಯ ಹಳೇ ಇಂಟರ್ನ್‌ಗಳನ್ನು ಹುಡುಕಿ ನೇರವಾಗಿ ಕೇಳಿ, ನಿಮ್ಮ ಕಾಲೇಜಿನ ಸೀನಿಯರ್ ಆದರೆ ಇನ್ನೂ ಒಳ್ಳೆಯದು, ಅವರು ಮುಲಾಜಿಲ್ಲದೆ ಹೇಳುತ್ತಾರೆ. ದೊಡ್ಡ ಹೆಸರಿನ ಕಂಪನಿಯಲ್ಲಿ ಎಕ್ಸೆಲ್ ಶೀಟ್ ತುಂಬುತ್ತಾ ಕೂತವರೂ ಇದ್ದಾರೆ, ಎಂಟು ಜನರ ಸ್ಟಾರ್ಟಪ್‌ನಲ್ಲಿ ಬರೆದ ಕೋಡ್ ಮರುವಾರವೇ ಗ್ರಾಹಕರ ಫೋನಿಗೆ ಹೋದವರೂ ಇದ್ದಾರೆ. ಉಲ್ಟಾನೂ ಆಗುತ್ತದೆ, ಸ್ಟಾರ್ಟಪ್‌ನಲ್ಲಿ ಹೇಳಿಕೊಡುವವರೇ ಇರುವುದಿಲ್ಲ. ಮೆಕ್ಯಾನಿಕಲ್‌ನವರಿಗೂ ಇದೇ ಮಾತು. ಡಿಸೈನ್, ಪ್ರೊಡಕ್ಷನ್ ಕಡೆ ಹೋಗುವ ಆಸೆ ಇದ್ದರೆ ಪೀಣ್ಯದ ಸಣ್ಣ ಮೆಷಿನ್ ಶಾಪ್‌ನಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಪಕ್ಕ ನಿಂತ ಎರಡು ತಿಂಗಳೇ ದೊಡ್ಡ ಹೆಸರಿಗಿಂತ ಮೇಲು ಅಂತ ನನ್ನ ಅಭಿಪ್ರಾಯ.

ಕೆಲಸವೇ ಗುರಿಯಾದರೆ ಪಿಪಿಒ, ಅಂದರೆ ಇಂಟರ್ನ್‌ಶಿಪ್ ಆದಮೇಲೆ ಅದೇ ಕಂಪನಿ ಕೊಡುವ ಕೆಲಸದ ಆಫರ್, ಅದರ ವಿಷಯ ಬಾಯಿಬಿಟ್ಟು ಕೇಳಿ. "ಪರ್ಫಾರ್ಮೆನ್ಸ್ ನೋಡಿ ಕೊಡುತ್ತೇವೆ" ಅನ್ನುವುದು ಭರವಸೆ ಅಲ್ಲ. ಹೋದ ವರ್ಷ ಎಷ್ಟು ಜನ ಇಂಟರ್ನ್ ಇದ್ದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು? ಈ ಎರಡು ಸಂಖ್ಯೆ ಸಾಕು.

ಪಿಎಚ್‌ಡಿ ಕಡೆ ಮನಸ್ಸಿದ್ದರೆ ಲೆಕ್ಕವೇ ಬೇರೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದ ಫೆಲೋಶಿಪ್, ಇಂಥದ್ದು ಸಿಕ್ಕಿದ್ದರೆ ಕಂಪನಿಯ ಸ್ಟೈಪೆಂಡ್ ಜಾಸ್ತಿ ಅಂತ ಬಿಡಬೇಡಿ. ಲ್ಯಾಬ್‌ನಲ್ಲಿ ನಿಮ್ಮ ಕೆಲಸ ಕಣ್ಣಾರೆ ಕಂಡ ಪ್ರೊಫೆಸರ್ ಮುಂದೆ ಬರೆದುಕೊಡುವ ಶಿಫಾರಸು ಪತ್ರಕ್ಕೆ ಇರುವ ತೂಕ ಎಚ್‌ಆರ್ ಕೊಡುವ ಸರ್ಟಿಫಿಕೇಟ್‌ಗೆ ಇಲ್ಲ.

ಇನ್ನು ಕೆಲವು ಆಫರ್‌ಗಳನ್ನು ಹೋಲಿಸುವ ಅಗತ್ಯವೇ ಇಲ್ಲ. ಇಂಟರ್ನ್‌ಶಿಪ್‌ಗೆ ನೀವೇ ದುಡ್ಡು ಕಟ್ಟಬೇಕು ಅಂದರೆ ಅದು ಆಫರ್ ಅಲ್ಲ, ಸರ್ಟಿಫಿಕೇಟ್ ವ್ಯಾಪಾರ. ಕ್ರೆಡಿಟ್‌ಗೆ ಬೇಕು ಅಂತ ಕ್ಲಾಸಿಗೆ ಕ್ಲಾಸೇ ಹೀಗೆ ದುಡ್ಡು ಕಟ್ಟುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ, ಬಾಂಡ್‌ಗೆ ಸಹಿ ಹಾಕಿ ಅನ್ನುವವರಿಂದಲೂ ದೂರ ಇರಿ. ಹೆಸರೇ ಕೇಳದ ಕಂಪನಿಯಾದರೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ನೋಂದಣಿ ಆಗಿದೆಯಾ ನೋಡಿ.

ಹೂಂ ಅನ್ನುವ ಮುಂಚೆ ಪ್ಲೇಸ್‌ಮೆಂಟ್ ಆಫೀಸಿಗೆ ಹೋಗಿ ಬನ್ನಿ. ಒಂದು ಆಫರ್ ಒಪ್ಪಿಕೊಂಡ ಮೇಲೆ ಬೇರೆ ಕಂಪನಿಯ ಇಂಟರ್ವ್ಯೂಗೆ ಕೂರಲು ಬಿಡದ ಕಾಲೇಜುಗಳಿವೆ. ವಿಟಿಯು ಕಾಲೇಜಿನಲ್ಲಿ ಓದುತ್ತಿರುವವರು ಪರೀಕ್ಷೆ ದಿನಾಂಕ ಮುಂದೆ ಹೋಗಬಹುದು ಅಂತಲೇ ಲೆಕ್ಕ ಹಾಕಿ, ಪರೀಕ್ಷೆಗೆ ರಜೆ ಕೊಡುತ್ತಾರಾ ಅಂತ ಮೇಲ್‌ನಲ್ಲೇ ಕೇಳಿ ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

"ನಾಳೆಯೊಳಗೆ ಹೇಳಿ" ಅಂತ ಅವಸರ ಮಾಡಿದರೆ ಗಾಬರಿ ಬೇಡ. ಇನ್ನೊಂದು ಕಡೆಯ ಉತ್ತರ ಬರಬೇಕಿದೆ, ಶುಕ್ರವಾರದವರೆಗೆ ಸಮಯ ಕೊಡಿ ಅಂತ ಬರೆಯಿರಿ. ಕೇಳಿದ್ದಕ್ಕೇ ಆಫರ್ ವಾಪಸ್ ತೆಗೆದುಕೊಳ್ಳುವುದು ಅಪರೂಪ. ಒಂದನ್ನು ಒಪ್ಪಿದ ದಿನವೇ ಉಳಿದವರಿಗೂ ತಿಳಿಸಿಬಿಡಿ, ಸುಮ್ನೆ ಮಾಯವಾಗಬೇಡಿ. ಎರಡು ಸಾಲು ಸಾಕು: "ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ಈ ಬೇಸಿಗೆಗೆ ಬೇರೆ ಕಡೆ ಸೇರುತ್ತಿದ್ದೇನೆ, ಮುಂದೆ ನಿಮ್ಮಲ್ಲಿ ಅವಕಾಶವಿದ್ದರೆ ಖಂಡಿತ ಅರ್ಜಿ ಹಾಕುತ್ತೇನೆ."