ಕಣ್ಣಿಗೆ ತಗಲುವ ಸರ್ಪಸುತ್ತು: ನಾನು ಪರೀಕ್ಷಿಸುವ ಬಗೆ

ಹಣೆಯ ಒಂದೇ ಪಕ್ಕ ಉರಿಯುತ್ತಿದೆ, ಬಾಚಣಿಗೆ ತಾಗಿದರೂ ತಡೆಯಲಾಗುವುದಿಲ್ಲ ಎಂದು ವಯಸ್ಸಾದವರು ಹೇಳಿದರೆ, ನೇತ್ರವೈದ್ಯನಾದ ನಾನು ಗುಳ್ಳೆ ಕಾಣದಿದ್ದರೂ ಸರ್ಪಸುತ್ತನ್ನು ಶಂಕಿಸುತ್ತೇನೆ. ಹಿಂದೆಂದೋ ಸೀತಾಳೆ ಸಿಡುಬು ತಂದ ವೈರಾಣು ಮುಖದ ನರದ ಬುಡದಲ್ಲಿ ದಶಕಗಳ ಕಾಲ ಅಡಗಿದ್ದು, ವಯಸ್ಸಿನಿಂದಲೋ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಹಣೆ ಮತ್ತು ರೆಪ್ಪೆಗೆ ಹೋಗುವ ಕವಲಿನಗುಂಟ ಹೊರಬರುತ್ತದೆ. ಸಾಮಾನ್ಯವಾಗಿ ನೋವು ಮೊದಲು, ಗುಳ್ಳೆ ಆಮೇಲೆ. ಆ ಗುಳ್ಳೆಗಳು ಮುಖದ ನಡುಗೆರೆಯನ್ನು ದಾಟುವುದಿಲ್ಲ.

ಮುಂದೆ ನಾನು ನೋಡುವುದು ಮೂಗಿನ ತುದಿಯನ್ನು. ಅಲ್ಲಿಗೆ ಹೋಗುವ ನರವೇ ಕಣ್ಣಿನ ಒಳಕ್ಕೂ ಕವಲೊಡೆಯುವುದರಿಂದ, ಅಲ್ಲಿ ಒಂದೇ ಗುಳ್ಳೆಯಿದ್ದರೂ ಕಣ್ಣಿಗೆ ಅಪಾಯ ಹೆಚ್ಚು. ಇದಕ್ಕೆ ಹಚಿನ್ಸನ್ ಚಿಹ್ನೆ ಎನ್ನುತ್ತೇವೆ. ಮೂಗು ಸ್ವಚ್ಛವಾಗಿದ್ದ ಮಾತ್ರಕ್ಕೆ ಕಣ್ಣು ಸುರಕ್ಷಿತವೆಂದಲ್ಲ.

ವೈರಾಣುವನ್ನು ತಡೆಯುವ ಮಾತ್ರೆಯನ್ನು ಅಂದೇ ಆರಂಭಿಸುತ್ತೇನೆ: ವ್ಯಾಲಸೈಕ್ಲೋವಿರ್ 1,000 ಮಿ.ಗ್ರಾಂ ದಿನಕ್ಕೆ 3 ಬಾರಿ, 7 ದಿನ. ಇಲ್ಲವೇ ಅಸೈಕ್ಲೋವಿರ್ 800 ಮಿ.ಗ್ರಾಂ ದಿನಕ್ಕೆ 5 ಬಾರಿ, 7ರಿಂದ 10 ದಿನ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಪ್ರಮಾಣವನ್ನು ತಗ್ಗಿಸಲೇಬೇಕು. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧ ಸಿಕ್ಕರೆ ಉತ್ತಮ. ಆ ಅಮೂಲ್ಯ ಸಮಯ ಕೆಮ್ಮಣ್ಣು ಹಚ್ಚಿಸುವುದರಲ್ಲಿ ಕಳೆದುಹೋಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆದರೂ ತಡವಾಗಿ ಬಂದವರಲ್ಲಿ ಹೊಸ ಗುಳ್ಳೆ ಏಳುತ್ತಿದ್ದರೆ ಅಥವಾ ಕಣ್ಣಿಗೆ ತಗಲಿದ್ದರೆ ಔಷಧ ಕೊಡುತ್ತೇನೆ.

ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಮುಂದೆ ಕೂರಿಸಿ, ಕಣ್ಣಿನ ಮೇಲಿನ ಗಾಯವನ್ನು ಎತ್ತಿ ತೋರಿಸುವ ಫ್ಲೋರೆಸಿನ್ ಬಣ್ಣ ಹಾಕುವ ಮೊದಲೇ, ಹತ್ತಿಯ ಎಳೆಯೊಂದನ್ನು ಹೊಸೆದು ಪಕ್ಕದಿಂದ ತಂದು ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ) ಮೃದುವಾಗಿ ಮುಟ್ಟಿಸುತ್ತೇನೆ. ಒಳ್ಳೆಯ ಕಣ್ಣು ಥಟ್ಟನೆ ಮಿಟುಕುತ್ತದೆ. ಸ್ಪರ್ಶಜ್ಞಾನ ಕಳೆದುಕೊಂಡ ಕಣ್ಣು ಹಾಗೆಯೇ ತೆರೆದಿರುತ್ತದೆ. ಇಂಥ ಕಣ್ಣಿನಲ್ಲಿ ಹುಣ್ಣಾದರೂ ರೋಗಿಗೆ ನೋವು ತಿಳಿಯದು, ಆದ್ದರಿಂದ ಇವರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಕರೆಸಿ ನೋಡುತ್ತೇನೆ. ಕಣ್ಣೊಳಗಿನ ಉರಿಯೂತ ಮತ್ತು ಒತ್ತಡವನ್ನೂ ಪ್ರತಿ ಭೇಟಿಯಲ್ಲಿ ಪರೀಕ್ಷಿಸುತ್ತೇನೆ. ಉರಿಯೂತಕ್ಕೆ ಸ್ಟೀರಾಯ್ಡ್ ಹನಿ ಬೇಕಾಗುತ್ತದೆ, ಆದರೆ ಅದನ್ನು ಥಟ್ಟನೆ ನಿಲ್ಲಿಸಿದರೆ ಕೆಂಪು ಮರಳುತ್ತದೆ, ನಿಗಾ ಇಲ್ಲದೆ ಮುಂದುವರಿಸಿದರೆ ಒತ್ತಡ ಏರಬಹುದು; ಹಾಗಾಗಿ ಅಂಗಡಿಯಿಂದ ತಾವೇ ಕೊಂಡು ಹಾಕಿಕೊಳ್ಳಬಾರದು.

ಗುಳ್ಳೆ ಒಣಗಿದ ಮೇಲೂ ಉಳಿಯುವ ನರನೋವಿಗೆ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ನೆರವಾಗುತ್ತದೆ. ಐವತ್ತು ದಾಟಿದವರಿಗೆ 2ರಿಂದ 6 ತಿಂಗಳ ಅಂತರದಲ್ಲಿ ಎರಡು ಬಾರಿ ಕೊಡುವ, ಸರ್ಪಸುತ್ತನ್ನು ತಡೆಯುವ ಲಸಿಕೆ ಈಗ ಭಾರತದಲ್ಲೂ ಸಿಗುತ್ತದೆ; ಬೆಲೆ ಹೆಚ್ಚಾದರೂ, ಮಧುಮೇಹವಿರುವವರ ಮುಂದೆ ನಾನು ಅದರ ಮಾತು ಎತ್ತದೆ ಬಿಡುವುದಿಲ್ಲ.