ಸೈಟ್ ನನ್ನದು, ಹೆಸರು ಮಾತ್ರ ಇನ್ನೊಬ್ಬರ ಕೈಲಿತ್ತು

ಹಳೆಯ ಹೊಲಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ನನಗೊಂದು ಹುಚ್ಚು. ಯಾವ ಸ್ಕ್ರೂ ಎಲ್ಲಿ ಕೂರುತ್ತದೆ, ದಾರ ಪದೇಪದೇ ತುಂಡಾದರೆ ಮೊದಲು ಎಲ್ಲಿ ನೋಡಬೇಕು ಅಂತೆಲ್ಲ ಬರೆದಿಟ್ಟುಕೊಂಡಿದ್ದೆ. ಅದನ್ನೆಲ್ಲ ಒಂದು ವೆಬ್‌ಸೈಟಿಗೆ ಹಾಕೋಣ ಅನಿಸಿತು. ಪರಿಚಯದವರೊಬ್ಬರು "ಅದೇನ್ ಮಹಾ, ನಾನ್ ಮಾಡ್ಕೊಡ್ತೀನಿ ಬಿಡಿ" ಅಂದರು. ಎರಡೇ ದಿನದಲ್ಲಿ ಮಾಡಿಯೂ ಕೊಟ್ಟರು. ಹೋಸ್ಟಿಂಗ್ ದುಡ್ಡು ನಾನೇ ಕಟ್ಟಿದೆ, ಬರಹ ಹಾಕಿ ತಿದ್ದುವ ವರ್ಡ್‌ಪ್ರೆಸ್ ಅನ್ನೋ ತಂತ್ರಾಂಶದ ಲಾಗಿನ್ ನನ್ನ ಕೈಗೆ ಬಂತು. ಸೈಟ್ ನನ್ನದಾಯಿತು ಅಂತ ಆರಾಮಾಗಿ ಬರೆಯುತ್ತಾ ಹೋದೆ.

ಮೂರನೇ ವರ್ಷ ಒಂದು ಬೆಳಿಗ್ಗೆ ವಿಳಾಸ ಹೊಡೆದರೆ ಯಾವುದೋ ಜಾಹೀರಾತಿನ ಪುಟ ಬರುತ್ತಿದೆ! ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಕೈಕಾಲೇ ಆಡಲಿಲ್ಲ. ಹೋಸ್ಟಿಂಗ್‌ನವರಿಗೆ ಬರೆದೆ. "ನಿಮ್ಮ ಫೈಲ್‌ಗಳೆಲ್ಲ ಇಲ್ಲಿ ಸರಿಯಾಗೇ ಇವೆ, ನಿಮ್ಮ ಡೊಮೇನ್ ಅವಧಿ ಮುಗಿದಿದೆ" ಅಂತ ಉತ್ತರ ಬಂತು. ಡೊಮೇನ್ ಬೇರೆ, ಹೋಸ್ಟಿಂಗ್ ಬೇರೆ ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಅವತ್ತೇ. ಅಲ್ಲಿಯವರೆಗೆ ಎರಡೂ ಒಂದೇ ಬಿಲ್ ಅಂದುಕೊಂಡಿದ್ದೆ.

ಡೊಮೇನ್ ಅಂದರೆ ಬರೀ ಹೆಸರು. ಅದನ್ನು ಯಾರೂ ಪೂರ್ತಿ ಕೊಂಡುಕೊಳ್ಳುವುದಿಲ್ಲ, ವರ್ಷಗಳ ಲೆಕ್ಕದಲ್ಲಿ ನೋಂದಾಯಿಸುತ್ತಾರೆ. ಡಾಟ್ ಕಾಮ್ ಆದರೆ ಒಂದು ಸಲಕ್ಕೆ ಜಾಸ್ತಿ ಅಂದರೆ 10 ವರ್ಷ. ನೋಂದಾಯಿಸಿಕೊಡುವ ಕಂಪನಿಗೆ ರಿಜಿಸ್ಟ್ರಾರ್ ಅನ್ನುತ್ತಾರೆ. ಹೋಸ್ಟಿಂಗ್ ಅಂದರೆ ನಿಮ್ಮ ಫೈಲ್‌ಗಳು ಕೂತಿರುವ ಕಂಪ್ಯೂಟರಿನ ಬಾಡಿಗೆ. ಇವೆರಡನ್ನೂ ಗಂಟು ಹಾಕುವುದು ಡಿಎನ್‌ಎಸ್: ಈ ಹೆಸರು ಕೇಳಿದವರನ್ನು ಇಂಥ ಐಪಿ ನಂಬರಿಗೆ (ಕಂಪ್ಯೂಟರಿನ ವಿಳಾಸದಂಥ ಅಂಕಿ) ಕಳಿಸಿ, ಈ ಹೆಸರಿನ ಈಮೇಲ್ ಬಂದರೆ ಇಂಥ ಸರ್ವರಿಗೆ ಕೊಡಿ ಅನ್ನುವ ನಾಲ್ಕಾರು ಸಾಲಿನ ದಾಖಲೆ. ಸೈಟಿನ ಬರಹ, ಫೋಟೋ ಇವೆಲ್ಲ ಆಮೇಲಿನ ಮಾತು.

ನನ್ನ ಹೆಸರನ್ನು ಆ ಪರಿಚಯದವರು ಅವರದೇ ಖಾತೆಯಲ್ಲಿ ನೋಂದಾಯಿಸಿದ್ದರು. ಮೋಸವೇನೂ ಇಲ್ಲ, ಸುಲಭ ಅಂತ ಹಾಗೆ ಮಾಡಿದ್ದರು ಅಷ್ಟೇ. ಆದರೆ ನವೀಕರಣದ ನೆನಪೋಲೆಗಳೆಲ್ಲ ಅವರು ಬಿಟ್ಟುಬಂದ ಕೆಲಸದ ಈಮೇಲಿಗೆ ಹೋಗುತ್ತಿದ್ದವು. ಖಾತೆಯಲ್ಲಿದ್ದ ಕಾರ್ಡಿನ ಅವಧಿಯೂ ಮುಗಿದಿತ್ತು, ಹಾಗಾಗಿ ಆಟೋ ರಿನ್ಯೂ ಇದ್ದೂ ಇಲ್ಲದ ಹಾಗಾಯಿತು. ಅವರು ಫೋನಿಗೆ ಸಿಗಲು ನಾಲ್ಕು ದಿನ. ಆ ನಾಲ್ಕು ದಿನ ನಾನು ಓದಿದ್ದು ಒಂದೇ ವಿಷಯ, ಅವಧಿ ಮುಗಿದ ಹೆಸರು ಏನಾಗುತ್ತದೆ ಅಂತ. ಡಾಟ್ ಕಾಮ್‌ನಂಥ ಹೆಸರಾದರೆ ಮೊದಲು ಗರಿಷ್ಠ 45 ದಿನದವರೆಗೆ ರಿಜಿಸ್ಟ್ರಾರ್ ಅದನ್ನು ಇಟ್ಟುಕೊಂಡಿರಬಹುದು, ಸಾಮಾನ್ಯವಾಗಿ ಈ ಹಂತದಲ್ಲಿ ಮಾಮೂಲಿ ಶುಲ್ಕಕ್ಕೇ ವಾಪಸ್ ಸಿಗುತ್ತದೆ, ಆದರೆ ಎಷ್ಟು ದಿನ ಕಾಯುತ್ತಾರೆ ಅನ್ನುವುದು ಅವರವರ ನಿಯಮ. ಅದು ದಾಟಿ ಹೆಸರು ಅಳಿಸಿದರೆ ಇನ್ನೊಂದು 30 ದಿನ ಉಳಿಸಿಕೊಳ್ಳುವ ಅವಕಾಶ, ದಂಡ ಮಾತ್ರ ಜೋರು. ಅದೂ ದಾಟಿದರೆ 5 ದಿನ ಯಾರೂ ಮುಟ್ಟುವ ಹಾಗಿಲ್ಲ, ಆಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ನಾನು ಮೊದಲ ಹಂತದಲ್ಲೇ ಎಚ್ಚೆತ್ತಿದ್ದೆ, ಬಚಾವಾದೆ. ಅವರು ನವೀಕರಿಸಿ, ಅದೇ ರಿಜಿಸ್ಟ್ರಾರ್‌ನಲ್ಲಿ ನಾನು ತೆರೆದ ಹೊಸ ಖಾತೆಗೆ ಹೆಸರನ್ನು ದಾಟಿಸಿದರು. ಖಾತೆಯಿಂದ ಖಾತೆಗೆ ಆದ್ದರಿಂದ ಹತ್ತು ನಿಮಿಷದ ಕೆಲಸ.

ಇಷ್ಟಾದ ಮೇಲೂ ನಾನೊಂದು ದಡ್ಡತನ ಮಾಡಿದೆ ನೋಡಿ. ಆ ಹೊಸ ಖಾತೆಗೆ ಸಂಪರ್ಕದ ಈಮೇಲ್ ಅಂತ ಅದೇ ಡೊಮೇನಿನ ವಿಳಾಸ ಕೊಟ್ಟೆ! ಹೆಸರು ಬಿದ್ದುಹೋದರೆ ಆ ಈಮೇಲೂ ಬೀಳುತ್ತದೆ, ಆಗ ಪಾಸ್‌ವರ್ಡ್ ಬದಲಿಸುವ ಲಿಂಕ್ ಎಲ್ಲಿಗೆ ಬರಬೇಕು? ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಎರಡು ತಿಂಗಳಾದ ಮೇಲೆ ರಾತ್ರಿ ಮಲಗಿದ್ದಾಗ ಹೊಳೆಯಿತು, ಎದ್ದು ಬದಲಿಸಿ ಮಲಗಿದೆ.

ಮುಂದಿನ ವರ್ಷ ಹೋಸ್ಟಿಂಗ್ ಬದಲಿಸಿದೆ, ಹಳೆಯದು ತೀರಾ ನಿಧಾನವಾಗಿತ್ತು. ಹೊಸ ಹೋಸ್ಟಿಂಗ್‌ನವರು "ನಮ್ಮ ನೇಮ್‌ಸರ್ವರ್ ಹಾಕಿ" ಅಂದರು (ಡಿಎನ್‌ಎಸ್ ದಾಖಲೆ ಇಟ್ಟುಕೊಂಡು ಕೇಳಿದವರಿಗೆ ಹೇಳುವ ಸರ್ವರ್ ಅದು), ಹಾಕಿದೆ. ಸೈಟ್ ಚೆನ್ನಾಗಿ ಬಂತು. ಆದರೆ ಆ ವಾರ ಒಂದೂ ಈಮೇಲ್ ಇಲ್ಲ. ಅಬ್ಬಾ, ಎಷ್ಟು ನೆಮ್ಮದಿ ಅಂದುಕೊಂಡೆ. ಐದನೇ ದಿನ ಅನುಮಾನ ಬಂದು ಇನ್ನೊಂದು ವಿಳಾಸದಿಂದ ನನಗೇ ಒಂದು ಮೇಲ್ ಕಳಿಸಿ ನೋಡಿದರೆ ತಲುಪಲೇ ಇಲ್ಲ. ನೇಮ್‌ಸರ್ವರ್ ಬದಲಿಸಿದರೆ ಡಿಎನ್‌ಎಸ್‌ನ ಅಷ್ಟೂ ಸಾಲು ಹೊಸ ಕಡೆಯಿಂದಲೇ ಓದಲಾಗುತ್ತದೆ. ಅಲ್ಲಿ ಸೈಟ್ ಯಾವ ಐಪಿಯಲ್ಲಿದೆ ಅನ್ನುವ ಸಾಲು, ಅಂದರೆ ಎ ರೆಕಾರ್ಡ್ ಇತ್ತು, ಈಮೇಲ್ ಯಾವ ಸರ್ವರಿಗೆ ಅನ್ನುವ ಎಂಎಕ್ಸ್ ರೆಕಾರ್ಡ್ ಇರಲಿಲ್ಲ. ಹಳೆಯ ಸಾಲುಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರೆ ಮುಗಿದುಹೋಗುತ್ತಿತ್ತು.

ಈಗ ಡಿಎನ್‌ಎಸ್ ರಿಜಿಸ್ಟ್ರಾರ್ ಹತ್ತಿರವೇ ಇಟ್ಟಿದ್ದೇನೆ. ಹೋಸ್ಟಿಂಗ್ ಬದಲಾದರೆ ಎ ರೆಕಾರ್ಡಿನ ಒಂದು ನಂಬರ್ ಮಾತ್ರ ಬದಲಿಸುತ್ತೇನೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ನೇಮ್‌ಸರ್ವರ್ ಬದಲಿಸಿದರೆ "48 ಗಂಟೆ ಕಾಯಿರಿ" ಅಂತ ಎಲ್ಲರೂ ಹೇಳುತ್ತಾರಲ್ವಾ, ಡಾಟ್ ಕಾಮ್ ಕಡೆಯ ನೇಮ್‌ಸರ್ವರ್ ದಾಖಲೆಯನ್ನು ಒಮ್ಮೆ ಕೇಳಿದವರು ನೆನಪಿಟ್ಟುಕೊಳ್ಳುವ ಅವಧಿ 172800 ಸೆಕೆಂಡ್, ಅಂದರೆ ಸರಿಯಾಗಿ ಎರಡು ದಿನ. ಅದನ್ನು ನಾವು ಕಡಿಮೆ ಮಾಡಲಾಗುವುದಿಲ್ಲ. ಎ ರೆಕಾರ್ಡಿನದು ನಮ್ಮ ಕೈಯಲ್ಲೇ ಇದೆ. ಸೈಟ್ ಸಾಗಿಸುವ ಹಿಂದಿನ ದಿನವೇ ಆ ನೆನಪಿನ ಅವಧಿಯನ್ನು, ಅಂದರೆ ಟಿಟಿಎಲ್ ಅನ್ನು, 86400 ಸೆಕೆಂಡಿನಿಂದ 300ಕ್ಕೆ ಇಳಿಸಿಟ್ಟರೆ, ಮರುದಿನ ನಂಬರ್ ಬದಲಿಸಿದ ಐದೇ ನಿಮಿಷದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹೊಸ ಸರ್ವರ್ ಕಾಣುತ್ತದೆ. ಅದಕ್ಕೂ ಮುಂಚೆ ಕಂಪ್ಯೂಟರಿನ ಹೋಸ್ಟ್ಸ್ ಅನ್ನೋ ಸಣ್ಣ ಫೈಲಿನಲ್ಲಿ ಹೊಸ ಐಪಿ ಮತ್ತು ಸೈಟಿನ ಹೆಸರು ಒಂದು ಸಾಲು ಬರೆದರೆ, ಹೊಸ ಜಾಗದ ಸೈಟ್ ನನಗೊಬ್ಬನಿಗೇ ಕಾಣುತ್ತದೆ. ಎಲ್ಲ ಪುಟ ತಿರುವಿ ನೋಡಿ ಆ ಸಾಲು ಅಳಿಸಬೇಕು. ನಾನೊಮ್ಮೆ ಅಳಿಸಲು ಮರೆತು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ, ಅದು ಬೇಡ ಬಿಡಿ.

ಇನ್ನೊಂದು ಸಲ ಸೈಟ್ ಸಾಗಿಸಿದಾಗ ಕನ್ನಡ ಪೂರ್ತಿ ಮಾಯವಾಯಿತು. ಫೋಟೋಗಳಿವೆ, ಅಂಕಿಗಳಿವೆ, "ಬಾಬಿನ್ ಕೇಸ್ ಬಿಚ್ಚುವುದು" ಅಂತ ಇದ್ದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಫಾಂಟ್ ಸಮಸ್ಯೆ ಅಂತ ಒಂದು ಸಂಜೆ ಹಾಳು ಮಾಡಿದೆ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಬರುತ್ತವೆ, ಪ್ರಶ್ನೆ ಚಿಹ್ನೆ ಬಂದರೆ ಅದು ಬರಹಗಳನ್ನು ಕೂಡಿಡುವ ಡೇಟಾಬೇಸಿನ ಕಥೆ. ಹೊಸ ಡೇಟಾಬೇಸ್ ಲ್ಯಾಟಿನ್1 ಅನ್ನುವ ಅಕ್ಷರ ಗುಂಪಿನಲ್ಲಿ ತಯಾರಾಗಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ತುಂಬುವಾಗಲೇ ಅಕ್ಷರ ಹೋಗಿ ನಿಜವಾದ ಪ್ರಶ್ನೆ ಚಿಹ್ನೆ ಕೂತುಬಿಟ್ಟಿರುತ್ತದೆ, ಸೆಟ್ಟಿಂಗ್ ಬದಲಿಸಿದರೆ ವಾಪಸ್ ಬರುವುದಿಲ್ಲ. ಕನ್ನಡಕ್ಕೂ ಜಾಗ ಇರುವ ಯುಟಿಎಫ್8ಎಂಬಿ4 ಅನ್ನುವ ಗುಂಪು ಆರಿಸಿ ಡೇಟಾಬೇಸ್ ಹೊಸದಾಗಿ ಮಾಡಿ, ಮೂಲ ಪ್ರತಿಯಿಂದ ಮತ್ತೆ ತುಂಬಿದೆ. ಹಳೆಯ ಹೋಸ್ಟಿಂಗ್ ಇನ್ನೂ ರದ್ದು ಮಾಡಿರಲಿಲ್ಲ, ಅದಕ್ಕೇ ಉಳಿಯಿತು. ಈಗ ಸೈಟ್ ಸಾಗಿಸಿದರೆ ಹಳೆಯದನ್ನು ಒಂದು ತಿಂಗಳು ಹಾಗೇ ಬಿಟ್ಟಿರುತ್ತೇನೆ.

ಎಚ್‌ಟಿಟಿಪಿಎಸ್ ಬಗ್ಗೆ, ಅಂದರೆ ಸೈಟಿಗೂ ಓದುಗರಿಗೂ ನಡುವಿನ ಸಂಪರ್ಕವನ್ನು ಗುಟ್ಟಾಗಿಡುವ ವ್ಯವಸ್ಥೆ ಬಗ್ಗೆ, ಹೇಳಲು ಜಾಸ್ತಿ ಏನಿಲ್ಲ. ಅದಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯಲ್ಲಿ ಉಚಿತ, ತಾನಾಗೇ ನವೀಕರಣ ಆಗುವಂತೆ ಇಟ್ಟರೆ ಸಾಕು. ನನ್ನಂಥವರ ಸೈಟಿಗೆ ದುಡ್ಡು ಕೊಟ್ಟು ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ.

ಬ್ಯಾಕಪ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅದೇ ಸರ್ವರಿನಲ್ಲಿ ಕೂತಿರುವ ಪ್ರತಿಯನ್ನು ನಾನು ಬ್ಯಾಕಪ್ ಅಂತ ಒಪ್ಪುವುದಿಲ್ಲ. ವರ್ಡ್‌ಪ್ರೆಸ್ ಆದರೆ ಎರಡು ತುಂಡು ಬೇಕು: ಬರಹಗಳಿರುವ ಡೇಟಾಬೇಸ್, ಮತ್ತು ಫೋಟೋ, ಥೀಮ್ ಇರುವ ಫೈಲ್‌ಗಳು. ಒಂದು ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ತಂತ್ರಾಂಶ) ಹಾಕಿ ಎರಡೂ ಮನೆಯ ಡಿಸ್ಕಿಗೆ ಇಳಿಯುವಂತೆ ಮಾಡಿಕೊಂಡಿದ್ದೆ. ಒಮ್ಮೆ ಸುಮ್ನೆ ನೋಡೋಣ ಅಂತ ನನ್ನ ಲ್ಯಾಪ್‌ಟಾಪಿನಲ್ಲಿ ಆ ಪ್ರತಿಯಿಂದ ಸೈಟ್ ಎಬ್ಬಿಸಿದೆ. ಬರಹ ಎಲ್ಲ ಬಂತು, 2 ವರ್ಷದ ಫೋಟೋಗಳು ಬರಲಿಲ್ಲ. ದೊಡ್ಡ ಫೋಲ್ಡರ್ ಅಂತ ಆ ಪ್ಲಗಿನ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು, ಹಸಿರು ಟಿಕ್ ಮಾತ್ರ ಪ್ರತಿ ವಾರ ತೋರಿಸುತ್ತಿತ್ತು. ಆ ಪ್ಲಗಿನ್ ತೆಗೆದುಹಾಕಿದೆ. ಈಗ ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಕೂತು ಬ್ಯಾಕಪ್ಪಿನಿಂದ ಸೈಟ್ ಎಬ್ಬಿಸಿ, ಒಂದು ಹಳೆಯ ಪುಟ, ಒಂದು ಹೊಸ ಪುಟ, ಎರಡರ ಫೋಟೋನೂ ತೆರೆದು ನೋಡುತ್ತೇನೆ. ಕಳೆದ ಸಲ ಇಪ್ಪತ್ತು ನಿಮಿಷ ಹಿಡಿಯಿತು, ಅದರಲ್ಲಿ ಹತ್ತು ನಿಮಿಷ ಪಾಸ್‌ವರ್ಡ್ ಹುಡುಕಿದ್ದು.